ಹುಡೇವಿನ ಹೊಟ್ಟೆಗೆ ಎರೆಮಣ್ಣು

ಎರೆಮಣ್ಣಿನಿಂದ ಗೋಡೆ ಕಟ್ಟಬಾರದು. ನಮ್ಮ ಕಡೆ ಇದನ್ನು ಯಾರೂ ಯಾರಿಗೂ ಕಲಿಸುವುದಿಲ್ಲ, ನಡೆಯುವುದು ಬಂದ ಹಾಗೆ ಇದೂ ಬಂದಿರುತ್ತದೆ. ಬೇಸಿಗೆಯಲ್ಲಿ ಅದು ಕಾಲು ಹೋಗುವಷ್ಟು ಬಿರಿಯುತ್ತದೆ. ಮಳೆ ಬಿದ್ದರೆ ನೀರು ಕುಡಿದು ಕುಡಿದು ನಾದಿದ ಹಿಟ್ಟಿನ ಹಾಗೆ ಉಬ್ಬುತ್ತದೆ. ಬಿಳಿಜೋಳಕ್ಕೆ, ಕಡಲೆಗೆ, ಕುಸುಬೆಗೆ ಅದಕ್ಕಿಂತ ಒಳ್ಳೆಯ ಮಣ್ಣಿಲ್ಲ. ಗೋಡೆಗೆ ಅದಕ್ಕಿಂತ ಕೆಟ್ಟದ್ದಿಲ್ಲ. ಇದು ಗೊತ್ತಿದ್ದೂ ನಾನು ಒಂದು ಕೋಟೆಯ ಹೊಟ್ಟೆಯೊಳಗೆ ಎರೆಮಣ್ಣು ತುಂಬಿದೆ. ತುಂಬಿ ಮೇಲೆ ಸಾರಿಸಿದೆ. ಆಮೇಲೆ ಆದದ್ದಕ್ಕೆ ಇನ್ನೊಬ್ಬಳ ಕಡೆ ಬೆರಳು ತೋರಿಸಿದೆ. ಮೂರನೇ ಇಯತ್ತೆವರೆಗೆ ಕಲಿತ ಅಕ್ಷರದಲ್ಲಿ ಅದನ್ನು ಬರೆಯುತ್ತಿದ್ದೇನೆ. ತಪ್ಪಿದ್ದರೆ ಓದುವವರು ತಿದ್ದಿಕೊಳ್ಳಲಿ, ಅಕ್ಷರದ ತಪ್ಪಿಗೆ ನನಗೆ ನಾಚಿಕೆಯಿಲ್ಲ.

ಕೋಟೆ ಎಂದರೆ ಬಾದಾಮಿಯ ಹಾಗೆ ಕೆಂಪು ಕಲ್ಲಿನದು ಎಂದುಕೊಳ್ಳಬೇಡಿ. ನಮ್ಮೂರು ಹುನಗುಂದಕ್ಕೂ ಇಳಕಲ್ಲಿಗೂ ನಡುವೆ, ಡಾಂಬರು ರಸ್ತೆಯಿಂದ ಒಳಗೆ ಇದೆ. ಊರಿನ ಪಡುವಲ ದಿಕ್ಕಿಗೆ ಎರಡಾಳೆತ್ತರದ ಮಣ್ಣಿನ ಏರಿ ಬಿಲ್ಲಿನ ಹಾಗೆ ಬಾಗಿ ಹೋಗಿದೆ. ಅದರ ಹೊರಗೆ ಹೂಳು ತುಂಬಿ ತಗ್ಗಾಗಿ ಉಳಿದ ಕಂದಕ. ಏರಿಯ ತುದಿಯಲ್ಲಿ ಒಂದು ದುಂಡು ಬುರುಜು, ಪೂರಾ ಮಣ್ಣಿನದೇ. ಅದಕ್ಕೆ ನಾವು ಹುಡೇವು ಅನ್ನುತ್ತೇವೆ. ಯಾವ ರಾಜ ಕಟ್ಟಿಸಿದನೋ ಊರಲ್ಲಿ ಯಾರಿಗೂ ಗೊತ್ತಿಲ್ಲ. ಬೇಲಿಯ ಜಾಲಿ ಬೆಳೆದು ಹಿಂದಿನ ಅರ್ಧ ಮುಚ್ಚಿಹೋಗಿತ್ತು.

ಎಪ್ಪತ್ತರ ಆಚೀಚೆ ನಾನು ಬಾಗಲಕೋಟೆಯಿಂದ ಈ ಊರಿಗೆ ಸೊಸೆಯಾಗಿ ಬಂದಾಗ ಕೋಟೆ ಎಂದರೆ ಮಣ್ಣಿನ ಗಣಿ ಎಂದೇ ಎಲ್ಲರ ಲೆಕ್ಕ. ನಮ್ಮ ಮನೆಗಳು ಮಾಳಿಗೆ ಮನೆಗಳು. ತೊಲೆ, ಜಂತಿ, ಅದರ ಮೇಲೆ ಕಟ್ಟಿಗೆ, ಮೇಲೆ ಒಂದು ಗೇಣು ಮಣ್ಣು. ಪ್ರತಿ ವರ್ಷ ಮುಂಗಾರಿನ ಮಿರಗದ ಮಳೆ ಬೀಳುವ ಮೊದಲು ಆ ಮಣ್ಣಿನ ಮೇಲೆ ಹೊಸ ಮಣ್ಣು ಹಾಕಿ ತುಳಿಯಬೇಕು. ಇಲ್ಲದಿದ್ದರೆ ಮನೆ ಸೋರುತ್ತದೆ. ಅದು ಹೆಂಗಸರ ಕೆಲಸ. ಮಾಳಿಗೆಗೆ ಬೇಕಾದ್ದು ಸವಳು ಮಣ್ಣು, ನಾಲಗೆಗೆ ಉಪ್ಪುಪ್ಪಾದ ಬೂದಿ ಬಣ್ಣದ್ದು. ಅದು ನೀರು ಕುಡಿಯುವುದಿಲ್ಲ, ಜಾರಿಸಿ ಬಿಡುತ್ತದೆ. ಹಳ್ಳದ ದಂಡೆಯಲ್ಲೂ ಸಿಗುತ್ತದೆ, ಆದರೆ ಕೋಟೆಯ ಮಣ್ಣಿಗೆ ಅದು ಸಮವಲ್ಲ. ಎಷ್ಟೋ ತಲೆಮಾರು ಬಿಸಿಲಲ್ಲಿ ಕಾದು, ಮಳೆಯಲ್ಲಿ ನೆನೆದು ಪಳಗಿದ ಮಣ್ಣು ಅದು. ಒಮ್ಮೆ ಹಾಕಿದರೆ ಮೂರು ವರ್ಷ ಮೇಲೆ ಕಣ್ಣೆತ್ತಿ ನೋಡಬೇಕಾಗಿರಲಿಲ್ಲ.

ನಾಲ್ಕಾರು ವರ್ಷ ಆದ ಮೇಲೆ ಪುರಾತತ್ವ ಇಲಾಖೆಯವರು ಬಂದರು. ನೀಲಿ ಬಣ್ಣದ ತಗಡಿನ ಫಲಕ ನೆಟ್ಟರು. ಇದು ಸಂರಕ್ಷಿತ ಸ್ಥಳ, ಅಗೆಯಬಾರದು, ಕೆಡಿಸಬಾರದು ಎಂದು ಅದರ ಮೇಲೆ ಬರೆದಿತ್ತು. ಕಾಯಲು ಒಬ್ಬ ಬೇಕಾಯಿತು. ನನ್ನ ಗಂಡ ಏಳನೆಯವರೆಗೆ ಓದಿದ್ದರು, ಸುಳ್ಳು ಹೇಳುವ ಮನುಷ್ಯನಲ್ಲ ಎಂದು ಊರಲ್ಲಿ ಹೆಸರಿತ್ತು. ಅವರಿಗೆ ಕೊಟ್ಟರು. ಖಾಕಿ ಅಂಗಿ, ಒಂದು ಸೀಟಿ. ತಿಂಗಳಿಗೊಮ್ಮೆ ಬಸ್ಸು ಹತ್ತಿ ಬಾದಾಮಿಯ ಕಚೇರಿಗೆ ಹೋಗಿ ಸಹಿ ಮಾಡಿ ಬರಬೇಕು.

ಊರವರಿಗೆ ಅದಕ್ಕಿಂತ ದೊಡ್ಡ ಚಾಷ್ಟಿ ಇರಲಿಲ್ಲ.

"ಹೊನ್ನು ಕಾಯೋದ ಕೇಳೀನಿ, ಹೆಣ ಕಾಯೋದ ಕೇಳೀನಿ. ಮಣ್ಣು ಕಾಯೋದು ಇದ ಮೊದಲ ನೋಡ್ಲೇ" ಎಂದು ಕಟ್ಟೆಯ ಮೇಲಿನವರು ನಗುತ್ತಿದ್ದರು.

"ರಾತ್ರಿ ಎದ್ದು ಓಡಿ ಹೋದೀತು, ಹಗ್ಗ ಹಾಕಿ ಕಟ್ಟಪಾ!"

ನನ್ನ ಗಂಡ ನಗುತ್ತಿರಲಿಲ್ಲ, ಸಿಟ್ಟಿಗೂ ಏಳುತ್ತಿರಲಿಲ್ಲ. ಕಚೇರಿಯಲ್ಲಿ ಆಗ ಇದ್ದ ಸಾಹೇಬರು ಮೈಸೂರು ಕಡೆಯವರು. ಅವರು ಹೇಳಿದ್ದನ್ನು ಬಂದು ನನಗೆ ಹೇಳಿದ್ದರು. ಕಲ್ಲಿನ ಕೋಟೆಗೆ ನೋಡುವ ಜನ ಇದ್ದಾರೆ, ಅದನ್ನು ಯಾರೂ ಹೊತ್ತುಕೊಂಡು ಹೋಗುವುದಿಲ್ಲ. ಮಣ್ಣಿನ ಕೋಟೆ ಒಂದೊಂದು ಬುಟ್ಟಿಯಲ್ಲಿ ಹೋಗುತ್ತದೆ, ಹೋದದ್ದು ಯಾರಿಗೂ ಕಾಣುವುದಿಲ್ಲ ಎಂದು. ನಾನು ರೊಟ್ಟಿ ಬಡಿಯುತ್ತ ಕೇಳಿದೆ. ಒಂದು ಕಿವಿಯಲ್ಲಿ ಕೇಳಿದೆ.

ಊರಲ್ಲಿ ಒಬ್ಬಳು ಒಲೆ ಮಾಡುವವಳಿದ್ದಳು. ಗಂಡ ತೀರಿಕೊಂಡಿದ್ದ, ಹೊಲ ಇರಲಿಲ್ಲ, ಮಕ್ಕಳೂ ಇರಲಿಲ್ಲ. ಬಾಗಲಕೋಟೆ ಸಮೀಪದ ಶಿರೂರಿನಿಂದ ಮದುವೆಯಾಗಿ ಬಂದವಳಾದ್ದರಿಂದ ಎಲ್ಲರೂ ಅವಳನ್ನು ಶಿರೂರಾಕಿ ಎಂದೇ ಕರೆಯುತ್ತಿದ್ದರು. ಕತ್ತೆಯ ಲದ್ದಿ, ಹೊಟ್ಟು, ಮಣ್ಣು ಕಲಸಿ ಎರಡು ಬಾಯಿಯ ಒಲೆ ಮಾಡಿ, ಒಣಗಿಸಿ, ತಲೆಯ ಮೇಲೆ ಹೊತ್ತು ಇಳಕಲ್ಲಿನ ಸಂತೆಗೆ ಒಯ್ಯುತ್ತಿದ್ದಳು. ಇಳಕಲ್ಲಿನ ನೇಕಾರರ ಮನೆಗಳಲ್ಲಿ ಅವಳ ಒಲೆಯೇ ಬೇಕು ಅನ್ನುತ್ತಿದ್ದರು, ಯಾಕೆಂದರೆ ಅದು ಸೀಳುತ್ತಿರಲಿಲ್ಲ. ಸೀಳದಿರುವುದಕ್ಕೆ ಕಾರಣ ಕೋಟೆಯ ಮಣ್ಣು. ಅಗೆಯಬಾರದು ಎಂದ ಮೇಲೆ ಅವಳು ನೇರ ನನ್ನ ಗಂಡನ ಹತ್ತಿರ ಬಂದು ಕೇಳಿದಳು.

"ಅಣ್ಣಾ, ನಾ ಗುದ್ದಲಿ ಮುಟ್ಟಂಗಿಲ್ಲ. ಮಳಿಗಿ ತಾನ ಉದುರಿ ಕೆಳಗ ಬಿದ್ದದ್ದು ಒಯ್ಯಲೇನು?"

ನನ್ನ ಗಂಡ ಬಾದಾಮಿಗೆ ಹೋದಾಗ ಸಾಹೇಬರನ್ನು ಕೇಳಿ ಬಂದರು. ಬಿದ್ದದ್ದು ಒಯ್ಯಲಿ ಎಂದರಂತೆ. ಇವರು ಹುಡೇವಿನ ಸುತ್ತ ಎರಡು ಮಾರು ಬಿಟ್ಟು ಕಲ್ಲಿನ ಸಾಲು ಇಟ್ಟರು. ಕಲ್ಲಿನ ಹೊರಗೆ ಬಂದ ಮಣ್ಣು ಅವಳದು, ಒಳಗಿನದು ಕೋಟೆಯದು. ಅವಳು ಆ ಸಾಲು ದಾಟಲಿಲ್ಲ. ಮೊರದಲ್ಲಿ ಬಳಿದು ಬಳಿದು ತುಂಬಿಕೊಳ್ಳುತ್ತಿದ್ದಳು. ಅದನ್ನು ನಾನು ಕಣ್ಣಾರೆ ನೋಡಿದ್ದೇನೆ. ಈ ಮಾತು ಇಲ್ಲಿಯೇ ಬರೆದಿಡುತ್ತೇನೆ, ಯಾಕೆಂದರೆ ಹೇಳಬೇಕಾದ ದಿನ ಹೇಳಲಿಲ್ಲ.

ಮೂರು ವರ್ಷ ಕಳೆಯಿತು. ನಮ್ಮ ಮಾಳಿಗೆಯ ಹಳೆಯ ಮಣ್ಣು ತೆಳುವಾಯಿತು. ಹಿಂದಿನ ಮಳೆಗಾಲದಲ್ಲಿ ಜೋಳದ ಚೀಲದ ಮೇಲೆಯೇ ಸೋರಿ ಅರ್ಧ ಚೀಲ ಮುಗ್ಗಿತು. ನಾನು ಹಳ್ಳದಿಂದ ಮಣ್ಣು ಹೊತ್ತು ಹಾಕಿದರೂ ನಿಲ್ಲಲಿಲ್ಲ. ಬಾವಿಯ ಹತ್ತಿರ ಹೆಂಗಸರು ಸುಮ್ಮನೆ ಬಿಡುತ್ತಾರೆಯೆ?

"ಏನವಾ, ಕೋಟಿ ಕಾಯಾವ್ರ ಮನ್ಯಾಗ ಕೊಡಿ ಹಿಡಕೊಂಡು ಉಣತೀರಂತ?"

"ಅಕಿ ಗಂಡ ಹುಡೇವಿಗಿ ಕೊಡಿ ಹಿಡದಾನ, ಅಕಿಗೆಲ್ಲಿಂದ ಹಿಡೀಬೇಕು!"

ನಾನೂ ಬಾಯಿ ಇದ್ದವಳೇ, ತಿರುಗಿ ಅಂದೆ. ಆದರೆ ಮನೆಗೆ ಬಂದು ಗಂಡನ ಮೇಲೆ ಹರಿಹಾಯ್ದೆ.

"ನಾಕು ಬುಟ್ಟಿ ತಂದ್ರ ನಿಮ್ಮ ಕೋಟಿ ಬಿದ್ದ ಹೊಕ್ಕೈತೇನು?"

"ನಾಕು ಬುಟ್ಟಿ ನೀ ತಂದ್ರ, ನಲವತ್ತು ಮನಿಯಾವ್ರು ನಾಕು ನಾಕು ತರ್ತಾರ. ಹಳ್ಳಕ್ಕ ಹೋಗು" ಎಂದರು. ಅಷ್ಟೇ.

ಮಿರಗಕ್ಕೆ ಹದಿನೈದು ದಿನ ಇರುವಾಗ ಅವರು ಬಾದಾಮಿಗೆ ಹೋದರು. ನಡುಮಧ್ಯಾಹ್ನ ಊರು ಬಾಗಿಲು ಹಾಕಿಕೊಂಡು ಮಲಗಿತ್ತು. ನಾನು ಸನಿಕೆ, ಬುಟ್ಟಿ ತೆಗೆದುಕೊಂಡು ಹುಡೇವಿನ ಹಿಂದೆ, ಜಾಲಿಯ ಮರೆಗೆ ಹೋದೆ.

ಮೇಲಿನ ಸಿಪ್ಪೆ ಗಟ್ಟಿಯಿತ್ತು. ಒಂದು ಗೇಣು ಒಳಗೆ ಹೋದ ಮೇಲೆ ಮಣ್ಣು ಬೆಣ್ಣೆಯ ಹಾಗೆ ಬಂತು. ಆಗ ಕಂಡಿತು. ಅದು ಸುಮ್ಮನೆ ಗುಡ್ಡೆ ಹಾಕಿದ ಮಣ್ಣಲ್ಲ. ರೊಟ್ಟಿ ಒಟ್ಟಿದ ಹಾಗೆ ಪದರ ಪದರ. ಒಂದೊಂದು ಪದರ ನಾಲ್ಕು ಬೆರಳು ದಪ್ಪ, ನಡುವೆ ಜೋಳದ ಹೊಟ್ಟಿನ ತೆಳ್ಳನೆಯ ಗೆರೆ, ಅಲ್ಲಲ್ಲಿ ಬೂದಿ, ಗಡಿಗೆಯ ಚೂರು, ಒಂದು ಕಡೆ ಮುರಿದ ಗಾಜಿನ ಬಳೆ. ಯಾರೋ ಹಾಕಿದ್ದರು, ತುಳಿದಿದ್ದರು, ಮತ್ತೆ ಹಾಕಿದ್ದರು. ನಾವು ಮಾಳಿಗೆಗೆ ಮಾಡುವ ಕೆಲಸವೇ ಅದು. ಬಳೆ ಇದ್ದ ಮೇಲೆ ಹೆಂಗಸರೇ ತುಳಿದಿರಬೇಕು. ಸಾಹೇಬರು ಹೇಳಿದ್ದೆಲ್ಲ ಯಾರೂ ಓದಿಸದೆ ನನಗೆ ಆ ಕ್ಷಣ ಅರ್ಥವಾಯಿತು. ಅರ್ಥವಾಗಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಅರ್ಥವಾಯಿತು, ಆಮೇಲೂ ಅಗೆದೆ. ಬಳೆಯ ಚೂರನ್ನು ಜಾಲಿಯೊಳಗೆ ಒಗೆದೆ.

ಆರನೆಯ ಬುಟ್ಟಿಗೆ ನೆರೆಮನೆಯ ಇಬ್ಬರು ಎದುರು ನಿಂತಿದ್ದರು, ಅತ್ತೆ ಮತ್ತು ಸೊಸೆ.

"ಅಯ್ಯ, ಅಯ್ಯ! ಬೇಲೀನ ಎದ್ದು ಹೊಲಾ ಮೇಯಾಕ ಹತ್ತಿತಲ್ಲವಾ" ಎಂದಳು ಅತ್ತೆ, ನಗುತ್ತ.

"ಯಾರಿಗೂ ಹೇಳಬ್ಯಾಡ್ರಿ" ಎಂದೆ.

"ಹೇಳೂದಿಲ್ಲ. ನಮಗೂ ಹತ್ತು ಬುಟ್ಟಿ ಬೇಕು."

ಬೇಡ ಎನ್ನಲು ನನಗೆಲ್ಲಿ ಬಾಯಿ? ಹೊತ್ತು ಇಳಿಯುವುದರೊಳಗೆ ಹುಡೇವಿನ ಹೊಟ್ಟೆಯಲ್ಲಿ ಒಂದು ಎಮ್ಮೆಕರು ಮಲಗುವಷ್ಟು ಗವಿ ಆಗಿತ್ತು. ಮುರಿದ ಜಾಲಿಯ ಕೊಂಬೆ ಅಡ್ಡ ಇಟ್ಟು ಬಂದೆ. ನನ್ನ ಗಂಡ ಸಂಜೆಯ ಬಸ್ಸಿಗೆ ಬಂದರು. ಮಾಳಿಗೆಯ ಮೇಲೆ ಹೊಸ ಮಣ್ಣು ನೋಡಿ, "ಹಳ್ಳಕ್ಕ ಹೋಗಿದ್ದೇನು?" ಎಂದರು. "ಹೂಂ" ಎಂದೆ. "ಛಲೋ ಆತು" ಎಂದರು. ಆಮೇಲೆ ಹೇಳಿದರು: "ನಾಡದು ಸಾಹೇಬ್ರು ನೋಡಾಕ ಬರ್ತಾರ."



ಮರುದಿನ ಅವರು ಕಲ್ಲಿನ ಸಾಲಿಗೆ ಬಳಿಯಲು ಸುಣ್ಣ ತರಬೇಕೆಂದು ಹುನಗುಂದಕ್ಕೆ ಹೋದರು. ನನಗೆ ಸಿಕ್ಕಿದ್ದು ಅಷ್ಟೇ ಹೊತ್ತು. ಗವಿ ಮುಚ್ಚಬೇಕು. ಮಣ್ಣು ಎಲ್ಲಿತ್ತು? ನನ್ನ ಮಾಳಿಗೆಯ ಮೇಲೆ ಇತ್ತು. ಇನ್ನೂ ತುಳಿದಿರಲಿಲ್ಲ, ರಾಶಿಯಾಗಿಯೇ ಬಿದ್ದಿತ್ತು. ಏಣಿ ಹಾಕಿ ಇಳಿಸಿ ಒಯ್ದು, ನೀರು ಚಿಮುಕಿಸಿ, ಪದರ ಪದರ ತುಳಿದು ತುಂಬಿದ್ದರೆ ಹುಡೇವು ಉಳಿಯುತ್ತಿತ್ತೋ ಏನೋ. ಏಣಿಯ ಹತ್ತಿರ ಹೋಗಿ ನಿಂತೆ ಕೂಡ. ಇಳಿಸಿದರೆ ಮನೆ ಸೋರುತ್ತದೆ, ಬಾವಿಯ ಹತ್ತಿರ ಮತ್ತೆ ಮಾತು ಕೇಳಬೇಕು. ಹುಡೇವಿನ ಹಿಂದೆಯೇ ಹೊಲ, ಹೊಲದ ತುಂಬ ಎರೆಮಣ್ಣು. ಇಪ್ಪತ್ತು ಹೆಜ್ಜೆ.

ಎರೆಮಣ್ಣಿನ ಹೆಂಟೆಯನ್ನೇ ಬುಟ್ಟಿ ಬುಟ್ಟಿ ತುಂಬಿದೆ. ಅದು ಬಿಸಿಲಿಗೆ ಒಣಗಿ ಕಲ್ಲಿನ ಹಾಗಿತ್ತು. ಸಂದಿಗೆ ನೀರು ಹೊಡೆದು ಒತ್ತಿದೆ. ಮೇಲೆ ಕೆಂಪು ಮಣ್ಣು, ಸಗಣಿ ಕಲಸಿ ಸಾರಿಸಿದೆ. ಸಾರಿಸಿದ್ದು ಹಸಿಯಿರುವಾಗಲೇ ಕೋಟೆಯ ಬೂದಿ ಬಣ್ಣದ ದೂಳು ಉಗ್ಗಿದೆ. ಕೈಕೆಲಸ ಚೆನ್ನಾಗಿಯೇ ಆಯಿತು. ಎರಡು ಮಾರು ದೂರದಿಂದ ನನಗೇ ಗುರುತು ಹತ್ತಲಿಲ್ಲ.

ಸಾಹೇಬರು ಬಂದರು, ಸುಣ್ಣ ಬಳಿದ ಕಲ್ಲಿನ ಸಾಲು ನೋಡಿದರು, ಜಾಲಿ ಇದ್ದದ್ದರಿಂದ ಹಿಂದೆ ಹೋಗಲಿಲ್ಲ. "ತುಂಬಾ ಚೆನ್ನಾಗಿ ಇಟ್ಟುಕೊಂಡಿದ್ದೀರಿ. ಎಲ್ಲ ಕಡೆ ನಿಮ್ಮಂಥವರು ಸಿಕ್ಕಿದ್ದರೆ ನಮಗೆ ಕಷ್ಟವೇ ಇರುತ್ತಿರಲಿಲ್ಲ" ಎಂದರು. ನನ್ನ ಗಂಡ ಆ ದಿನ ಊಟದಲ್ಲಿ ಒಂದು ರೊಟ್ಟಿ ಹೆಚ್ಚು ಉಂಡರು. ಅವರು ಸಂತೋಷ ತೋರಿಸುತ್ತಿದ್ದದ್ದು ಹಾಗೆ.

ಮಿರಗ ಸಣ್ಣಗೆ ಬಂತು. ನಮ್ಮ ಮನೆ ಒಂದು ಹನಿ ಸೋರಲಿಲ್ಲ. ಮಳೆ ಜೋರಾದದ್ದು ಹಿಂಗಾರಿಯಲ್ಲಿ, ಉತ್ತರಿ ಮಳೆ. ಮೂರು ದಿನ ಬಿಡದೆ ಹೊಡೆಯಿತು. ಎರೆಮಣ್ಣು ತನ್ನ ಗುಣ ಬಿಡುತ್ತದೆಯೆ? ಕುಡಿಯಿತು, ಉಬ್ಬಿತು, ಒಳಗಿನಿಂದ ಒದೆಯಿತು. ಮೂರನೆಯ ದಿನ ಮಧ್ಯಾಹ್ನ ಮಳೆ ನಿಂತು ಬಿಸಿಲು ಬಿದ್ದಾಗ ದನದ ಕೊಟ್ಟಿಗೆ ಕುಸಿದ ಹಾಗೆ ಸದ್ದಾಯಿತು. ಊರೆಲ್ಲ ಓಡಿತು. ಹುಡೇವಿನ ಹಿಂದಿನ ಅರ್ಧ ಕಂದಕದೊಳಗೆ ಮಲಗಿತ್ತು. ಅದರ ಪಕ್ಕದ ಏರಿಯೂ ಹತ್ತು ಮಾರು ಜಾರಿ, ಗಾಡಿ ಹೋಗುವಷ್ಟು ಬಾಯಿ ಬಿಟ್ಟಿತ್ತು. ಅಷ್ಟು ವರ್ಷ ಎಷ್ಟು ಮಳೆಗೆ ನಿಂತದ್ದು, ನನ್ನ ಒಂದು ಮಧ್ಯಾಹ್ನಕ್ಕೆ ನಿಲ್ಲಲಿಲ್ಲ.

ನನ್ನ ಗಂಡ ಕೆಸರಿನಲ್ಲಿ ನಿಂತು ನೋಡಿದರು. ಬಾದಾಮಿಗೆ ತಿಳಿಸಲು ಅವತ್ತೇ ಹೊರಟರು.

ಸಾಹೇಬರು ಎರಡು ದಿನ ಬಿಟ್ಟು ಬಂದರು. ಬೂದಿ ಬಣ್ಣದ ರಾಶಿಯ ನಡುವೆ ಕರ್ರಗೆ ಎರೆಮಣ್ಣಿನ ಮುದ್ದೆ ಕಾಣುತ್ತಿತ್ತು, ಕುರುಡನಿಗೂ ಕಾಣುವ ಹಾಗೆ. ಸಾರಿಸಿದ ಪದರ ಹೆಕ್ಕಳೆ ಹೆಕ್ಕಳೆಯಾಗಿ ಬಿದ್ದಿತ್ತು. ಸಾಹೇಬರು ಒಂದು ಹೆಕ್ಕಳೆ ಎತ್ತಿ ಹಿಡಿದರು. ಅದರ ಮೇಲೆ ಐದು ಬೆರಳಿನ ಕಮಾನು ಕಮಾನು ಗೆರೆ ಹಾಗೇ ಇತ್ತು.

"ಅಗೆದು, ತುಂಬಿ, ಮೇಲೆ ಸಾರಿಸಿದ್ದಾರೆ. ಮಣ್ಣಿನ ಕೆಲಸ ಚೆನ್ನಾಗಿ ಗೊತ್ತಿರುವ ಕೈ ಇದು" ಎಂದರು. ಊರಿನ ಹತ್ತಿಪ್ಪತ್ತು ಜನ ಸುತ್ತ ನಿಂತಿದ್ದರು. ನನ್ನ ಜೊತೆ ಮಣ್ಣು ಹೊತ್ತ ಅತ್ತೆ ಸೊಸೆಯೂ ಇದ್ದರು. ನಾನು ಸಾಹೇಬರಿಗೆ ಚಹಾ ತಂದು ಕೊಟ್ಟು ಬಸಿ ಹಿಡಿದುಕೊಂಡು ನಿಂತಿದ್ದೆ.

"ಇಲ್ಲಿಂದ ಮಣ್ಣು ತೆಗೆದುಕೊಂಡು ಹೋಗುವವರು ಯಾರು?" ಎಂದು ಕೇಳಿದರು.

ನೆರೆಮನೆಯ ಅತ್ತೆ ನನ್ನನ್ನೇ ನೋಡಿದಳು. ಅವಳು ಬಾಯಿ ತೆರೆಯುವುದರೊಳಗೆ ನಾನು ತೆರೆದೆ.

"ಶಿರೂರಾಕಿ ಒಯ್ತಾಳ್ರಿ. ದಿನಾ ಒಯ್ತಾಳ್ರಿ."

ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಆ ಮಾತನ್ನು ಹಿಡಿದುಕೊಂಡು ನಾನು ಎಷ್ಟೋ ವರ್ಷ ನಿದ್ದೆ ಮಾಡಿದೆ. ಸುಳ್ಳು ಹೇಳಿಲ್ಲ, ಸುಳ್ಳು ಹೇಳಿಲ್ಲ ಎಂದು.

ಅವಳನ್ನು ಕರೆಸಿದರು. ಒಲೆ ಮೆತ್ತುತ್ತಿದ್ದವಳು ಹಾಗೇ ಬಂದಳು, ಮೊಣಕೈವರೆಗೆ ಮಣ್ಣು. ಸಾಹೇಬರು ಹೆಕ್ಕಳೆ ಕೈಗೆ ಕೊಟ್ಟು ಕೇಳಿದರು. ಅವಳು ಅದನ್ನು ತಿರುಗಿಸಿ ನೋಡಿದಳು. ತನ್ನ ಬಲಗೈ ಬೆರಳನ್ನು ಆ ಗೆರೆಗಳ ಮೇಲೆ ಇಟ್ಟಳು. ಕೂಡಲಿಲ್ಲ. ಬಲಗೈಯಿಂದ ಸಾರಿಸಿದ ಕಮಾನು ಒಂದು ಕಡೆ ಬಾಗುತ್ತದೆ, ಎಡಗೈಯದು ಇನ್ನೊಂದು ಕಡೆ. ಈ ಊರಲ್ಲಿ ಎಡಗೈಯಿಂದ ಸಾರಿಸುವವಳು ನಾನೊಬ್ಬಳೇ. ನನ್ನ ಅತ್ತೆ ಬದುಕಿರುವವರೆಗೂ ನನ್ನನ್ನು ಎಡಚಿ ಎಂದೇ ಕರೆದವರು. ಶಿರೂರಾಕಿ ತಲೆ ಎತ್ತಿ ನನ್ನನ್ನು ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಗುರುತು ಹಿಡಿದದ್ದು ಇತ್ತು, ಅಷ್ಟೇ.

"ನಾ ಅಗದಿಲ್ರಿ. ಬಿದ್ದದ್ದ ಒಯ್ದೀನ್ರಿ" ಎಂದಳು.

"ಹಾಗಾದರೆ ಯಾರು ಅಗೆದರು?"

"ಗೊತ್ತಿಲ್ರಿ."

"ಗೊತ್ತಿಲ್ಲ ಅಂದರೆ ಹೇಗಮ್ಮ? ಈ ಕೆಲಸ ಬರುವುದು ನಿನಗೆ."

"ಬರತೈತ್ರಿ. ನಾ ತುಂಬಿದ್ರ ಎರಿ ಮಣ್ಣು ತುಂಬತಿದ್ದಿಲ್ರಿ" ಎಂದಳು. ಜನ ಗೊಳ್ಳೆಂದು ನಕ್ಕಿತು. ಸಾಹೇಬರಿಗೆ ಎರೆಮಣ್ಣಿನ ಮಾತು ತಿಳಿಯಲಿಲ್ಲ, ತಮ್ಮನ್ನೇ ನೋಡಿ ನಕ್ಕರು ಎಂದುಕೊಂಡರು. ಕಾಗದ ತೆಗೆದು ಬರೆದರು. ಈ ಹೆಂಗಸು ಇನ್ನು ಮುಂದೆ ಬಿದ್ದ ಮಣ್ಣನ್ನೂ ಮುಟ್ಟಕೂಡದು, ಮುಟ್ಟಿದರೆ ಪೊಲೀಸರಿಗೆ ಕೊಡುವುದು ಎಂದು. ಅವಳು ಹೆಬ್ಬೆಟ್ಟು ಒತ್ತಿದಳು. ಮಣ್ಣಿನ ಕೈಗೆ ಮಸಿ ಹತ್ತಲಿಲ್ಲ, ಸೆರಗಿಗೆ ಒರೆಸಿಕೊಂಡು ಇನ್ನೊಮ್ಮೆ ಒತ್ತಬೇಕಾಯಿತು. ಕಾವಲುಗಾರ ಎಂದು ನನ್ನ ಗಂಡ ಅದರ ಕೆಳಗೆ ಸಹಿ ಮಾಡಿದರು.

ಹಳ್ಳದ ಮಣ್ಣಿನಿಂದ ಅವಳು ನಾಲ್ಕಾರು ಒಲೆ ಮಾಡಿದಳು. ಎರಡನೆಯ ಉರಿಗೆ ಸೀಳಿದವು. ಕೊಂಡವರು ಸಂತೆಯಲ್ಲಿ ತಂದು ಅವಳ ಮುಂದೆಯೇ ಒಗೆದರಂತೆ. ದೀಪಾವಳಿಯ ಹೊತ್ತಿಗೆ ಅವಳ ಮನೆಗೆ ಬೀಗ ಬಿದ್ದಿತ್ತು. ಇಳಕಲ್ಲಿಗೆ ಹೋದಳು ಎಂದರು.

ಎಂಟೊಂಬತ್ತು ವರ್ಷ ಹೋದವು. ನಾನು ಮಕ್ಕಳನ್ನು ಸಾಕಿದೆ, ಅತ್ತೆಯನ್ನು ಮಣ್ಣು ಮಾಡಿದೆ, ಎಮ್ಮೆ ಕಟ್ಟಿದೆ. ಅದರಲ್ಲಿ ಮೊದಲ ಮೂರು ವರ್ಷ ನಮ್ಮ ಮಾಳಿಗೆ ಸೋರಲಿಲ್ಲ. ಊರಲ್ಲಿ ಮಳೆ ಬಂದರೆ ಎಲ್ಲರ ಮನೆಯಲ್ಲೂ ಪಾತ್ರೆ ಇಡುವ ಸದ್ದು, ನಮ್ಮ ಮನೆಯಲ್ಲಿ ಸದ್ದಿಲ್ಲ. ಒಣ ನೆಲದ ಮೇಲೆ ಕೂತು ತಲೆ ತಗ್ಗಿಸುವುದು ಎಂದರೆ ಏನು ಎಂದು ನನಗೆ ಗೊತ್ತು.

ಹಿರಿಯ ಮಗಳ ಮದುವೆ ನಿಶ್ಚಯವಾದಾಗ ಸೀರೆ ತರಲು ಇಳಕಲ್ಲಿಗೆ ಹೋದೆ. ನೇಕಾರರ ಮನೆಗೇ ಹೋಗಿ ನೋಡೋಣ ಎಂದು ಒಳಗೆ ಕಾಲಿಟ್ಟರೆ, ಮಗ್ಗದ ಆಚೆ ಗೋಡೆಗೆ ಆತು ಕೂತು ಒಬ್ಬಳು ರಾಟೆಯಲ್ಲಿ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಶಿರೂರಾಕಿ. ಕೂದಲು ಬೆಳ್ಳಗಾಗಿತ್ತು. ನನ್ನನ್ನು ನೋಡಿ ರಾಟೆ ನಿಲ್ಲಿಸಲಿಲ್ಲ.

"ಬಾರವಾ ಎಡಚಿ" ಎಂದಳು. "ಮಗಳ ಮದುವಿಯೇನು?"

ನನಗೆ ಸೀರೆಯ ಬಣ್ಣ ಕಾಣಲಿಲ್ಲ. ಅವಳ ಹತ್ತಿರ ನೆಲಕ್ಕೆ ಕೂತೆ. "ನೀ ಅವತ್ತ ಯಾಕ ಹೇಳಲಿಲ್ಲ?" ಎಂದು ಕೇಳಿದೆ. ಕ್ಷಮೆ ಕೇಳುವ ಬದಲು ಅದನ್ನು ಕೇಳಿದೆ, ಅವಳದೇ ತಪ್ಪು ಎನ್ನುವ ಹಾಗೆ.

"ಹೇಳಿದ್ರ ನಿನ್ನ ಗಂಡನ ನೌಕರಿ ಹೋಗತಿತ್ತು. ನಾ ಕೇಳಿದಾಗ ಹೂಂ ಅಂದಾಂವ ಊರಾಗ ಆತ ಒಬ್ಬನ." ನೂಲು ಹರಿಯಿತು, ನಾಲಗೆಗೆ ತಾಗಿಸಿ ಗಂಟು ಹಾಕಿದಳು. "ಮತ್ತ, ನೀನ ಹೇಳತಿ ಅಂತ ಮಾಡಿದ್ದೆ. ಒಂದೆರಡು ದಿನ ಹೋಗಲಿ, ಹೇಳತಾಳ ಅಂತ."

"ತಪ್ಪಾತು. ಊರಿಗಿ ಬಾ. ಸಾಹೇಬ್ರಿಗಿ ಹೇಳಿ ಮತ್ತ ಮಣ್ಣು ಕೊಡಸ್ತೇನಿ."

"ಮಣ್ಣು ಯಾರಿಗಿ ಬೇಕು? ಕೈ ನೂಲಿಗಿ ಹೊಂದ್ಯಾವ. ಈಗ ಮಣ್ಣು ಮುಟ್ಟಿದ್ರ ಈ ಮನಿಯಾವ್ರು ರಾಟಿ ಮುಟ್ಟಗೊಡೂದಿಲ್ಲ, ನೂಲು ಹೊಲಸಾಗತೈತಿ." ಆಮೇಲೆ ರಾಟೆ ನಿಲ್ಲಿಸಿದಳು. "ಸಂತಿಗಿ ಬಂದ ನಿಮ್ಮೂರ ಕುರುಬರು ಹೇಳಿದ್ರು. ಕೋಟಿ ಬಿದ್ದ ಜಾಗಾಕ್ಕ ಶಿರೂರಾಕಿ ಕಿಂಡಿ ಅಂತಾರಂತಲ್ಲ? ಖರೆ ಏನು?"

ಖರೆ. ಎಲ್ಲರೂ ಹಾಗೇ ಅನ್ನುತ್ತಿದ್ದರು. ನಾನೂ ಅಂದಿದ್ದೆ.

"ಅದೊಂದು ತಗಿ. ಮತ್ತೇನ ಬ್ಯಾಡ. ನಾ ಸತ್ತ ಮ್ಯಾಲೂ ಕೋಟಿ ಕೆಡವಿದಾಕಿ ಅಂತ ಅನಿಸಿಕೊಳ್ಳೂದು ನನಗ ಬ್ಯಾಡ."

ಸೀರೆ ಕೊಳ್ಳದೆ ವಾಪಸು ಬಂದೆ. ನನ್ನ ಗಂಡ ಮಧ್ಯಾಹ್ನದ ಊಟಕ್ಕೆ ಕೂತಿದ್ದರು. ತಾಟಿಗೆ ರೊಟ್ಟಿ ಹಾಕಿ, ನಿಂತೇ ಹೇಳಿದೆ. ಅಗೆದದ್ದು, ತುಂಬಿದ್ದು, ಸಾರಿಸಿದ್ದು, ಎಲ್ಲ. ಅವರು ರೊಟ್ಟಿ ಮುರಿಯುತ್ತಿದ್ದವರು ಮುರಿದು ಮುಗಿಸಿದರು.

"ಗೊತ್ತೈತಿ" ಎಂದರು.

"ಯಾವಾಗಿಂದ?"

"ಹೆಕ್ಕಳಿ ನೋಡಿದಾಗ. ದಿನಾ ನೀ ಸಾರಿಸಿದ ನೆಲದ ಮ್ಯಾಲ ಕುಂತು ಉಣತೀನಲ್ಲ."

"ಮತ್ತ ಸಹಿ?"

"ಗೊತ್ತಿದ್ದ ಮಾಡಿದೆ" ಎಂದರು. ಕೈ ತೊಳೆದುಕೊಂಡರು. ತಾಟಿನಲ್ಲಿ ರೊಟ್ಟಿ ಹಾಗೇ ಇತ್ತು.

ನಾನು ಕೋಟೆ ಕೆಡವಿದೆ, ಒಬ್ಬಳ ಅನ್ನ ಕಳೆದೆ ಎಂದು ಅಷ್ಟು ವರ್ಷ ಎಣಿಸಿಕೊಂಡಿದ್ದೆ. ಇದು ನನ್ನ ಎಣಿಕೆಯಲ್ಲೇ ಇರಲಿಲ್ಲ. ಸುಳ್ಳು ಹೇಳದ ಮನುಷ್ಯ ನನಗಾಗಿ ಒಂದು ಸುಳ್ಳಿನ ಕೆಳಗೆ ಹೆಸರು ಬರೆದು, ಅದನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು, ಅಷ್ಟು ವರ್ಷ ಆ ಖಾಕಿ ಅಂಗಿ ತೊಟ್ಟಿದ್ದರು. ಊರವರು ಮಣ್ಣು ಕಾಯುವವ ಎಂದು ನಕ್ಕರೂ ತಲೆ ತಗ್ಗಿಸದವರು ಈಚೆಗೆ ಯಾಕೆ ಕಟ್ಟೆಯ ಕಡೆ ಹೋಗುವುದಿಲ್ಲ ಎಂದು ನಾನು ಒಮ್ಮೆಯೂ ಕೇಳಿರಲಿಲ್ಲ.

ಮರುದಿನ ಇಬ್ಬರೂ ಬಾದಾಮಿಯ ಬಸ್ಸು ಹತ್ತಿದೆವು. ಹಳೆಯ ಸಾಹೇಬರು ಬದಲಾಗಿ ಹೋಗಿದ್ದರು. ಹೊಸಬರು ಕಾಗದ ಹುಡುಕಿಸಿದರು, ಓದಿದರು, ನನ್ನನ್ನು ನೋಡಿದರು. "ಬರೆಯಲು ಬರುತ್ತದೆಯಾ?" ಎಂದರು. ಬರುತ್ತದೆ ಎಂದೆ. ಹಾಳೆ ಕೊಟ್ಟರು. ಎಡಗೈಯಲ್ಲಿ ಲೆಕ್ಕಣಿಕೆ ಹಿಡಿದು ಬರೆದೆ: ಹುಡೇವು ಅಗೆದವಳು ನಾನು. ಎರೆಮಣ್ಣು ತುಂಬಿದವಳು ನಾನು. ಒಲೆ ಮಾಡುವವಳು ಬಿದ್ದ ಮಣ್ಣನ್ನು ಮಾತ್ರ ಒಯ್ದಿದ್ದಾಳೆ. ನೆರೆಮನೆಯವರ ಹೆಸರು ಬರೆಯಲಿಲ್ಲ. ಬುಟ್ಟಿ ಅವರದಾದರೂ ಬಾಗಿಲು ತೆರೆದವಳು ನಾನು. ನನ್ನ ಗಂಡ ಗೊತ್ತಿದ್ದೂ ಸಹಿ ಮಾಡಿದೆ ಎಂದು ತಾವೇ ಬರೆದುಕೊಟ್ಟರು. ಕಾಯುವವನು ಹೀಗೆ ಮಾಡಿದ ಮೇಲೆ ಇಟ್ಟುಕೊಳ್ಳಲು ಆಗುವುದಿಲ್ಲ ಎಂದರು ಸಾಹೇಬರು. ನ್ಯಾಯವಾದ ಮಾತು. ಇವರು ಸೀಟಿಯನ್ನು ಮೇಜಿನ ಮೇಲೆ ಇಟ್ಟರು.

ಬಸ್ಸಿನಲ್ಲಿ ಕೂತ ಮೇಲೆ, "ಅಂಗಿ ಹರದೈತಿ ಅಂತ ಕೊಡಲಿಲ್ಲ. ಹೊಲಕ್ಕ ಹಾಕ್ಕೊಂಡು ಹೋಗ್ತೇನಿ" ಎಂದರು.

ಶಿರೂರಾಕಿಯ ಹೆಬ್ಬೆಟ್ಟಿನ ಕಾಗದಕ್ಕೆ ಅಡ್ಡಗೆರೆ ಹೊಡೆದದ್ದನ್ನು ನಾನು ಕಣ್ಣಾರೆ ನೋಡಿ ಬಂದಿದ್ದೆ. ಇಳಕಲ್ಲಿಗೆ ಹೋಗಿ ಅವಳಿಗೆ ಹೇಳಿದೆ. "ಕಾಗದ ಇರಲಿ. ಊರಾಗ?" ಎಂದಳು.

ಊರಲ್ಲಿ ಹೇಳಿದೆ. ಬಾವಿಯ ಹತ್ತಿರ, ಕಟ್ಟೆಯ ಹತ್ತಿರ, ಹಿಟ್ಟಿನ ಗಿರಣಿಯಲ್ಲಿ. ಹೆಂಗಸರು ಮುಖ ಮುಖ ನೋಡಿಕೊಂಡರು.

"ಅದಕ್ಯಾಕ ಗಂಡನ ನೌಕರಿ ಕಳದಿ? ಮಣ್ಣಿಗಿ ಹೋಗಿ!"

"ಎಲ್ಲಾರೂ ಒಯ್ದೇವಿ ಬಿಡವಾ. ನೀ ಒಬ್ಬಾಕಿನ ಏನು?"

ನೆರೆಮನೆಯ ಅತ್ತೆ ಮೂರು ತಿಂಗಳು ನನ್ನ ಜೊತೆ ಮಾತು ಬಿಟ್ಟಳು. ಯಾರಿಗೂ ಅದು ದೊಡ್ಡ ಸಂಗತಿ ಅನಿಸಲಿಲ್ಲ. ಹೇಳಿದರೆ ಎದೆ ಹಗುರಾಗುತ್ತದೆ ಎನ್ನುತ್ತಾರೆ. ಕೇಳುವವರಿಗೆ ಭಾರವಾಗದಿದ್ದರೆ ಹೇಳಿದವಳಿಗೆ ಹೇಗೆ ಹಗುರಾದೀತು?

ಹೆಸರು ಹೋಗಲಿಲ್ಲ. ಶಿರೂರಾಕಿ ಇಳಕಲ್ಲಿನಲ್ಲೇ ತೀರಿಕೊಂಡಳು. ಅದಾದ ಮೇಲೂ ಕುರಿ ಹೊಡೆದುಕೊಂಡು ಹೋಗುವವರು ನಮ್ಮ ಬಾಗಿಲ ಮುಂದೆಯೇ ಕೂಗುತ್ತಾರೆ, "ಕುರಿ ಶಿರೂರಾಕಿ ಕಿಂಡ್ಯಾಗ ಹೊಕ್ಕಾವ ನೋಡ್ರಲೇ!" ನಾನು ಒಳಗಿಂದ ಎದ್ದು ಬಂದು, "ಆಕಿ ಕಿಂಡಿ ಅಲ್ಲೋ, ಎಡಚಿ ಕಿಂಡಿ ಅನ್ರಿ" ಎನ್ನುತ್ತೇನೆ. "ಹೌದು ಬಿಡಬೇ ಆಯಿ" ಎಂದು ನಗುತ್ತಾರೆ. ಮರುದಿನ ಮತ್ತೆ ಶಿರೂರಾಕಿ ಕಿಂಡಿ ಎಂದೇ ಕೂಗುತ್ತಾರೆ.